ಪರಭಾಷಾಬೋಧನೆಯಲ್ಲಿ ಸಹಜಸಾಮಗ್ರಿಯ ಉಪಯೋಗ

ಶಾಲೆಯಲ್ಲಿ ಹಲವು ವರ್ಷ ಇಂಗ್ಲಿಷು ಭಾಷೆಯನ್ನು ಓದಿ, ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದು ತೇರ್ಗಡೆಯಾದ ಹುಡುಗಿಯೊಬ್ಬಳು, ಬ್ಯಾಂಕಿನಲ್ಲಿ ಖಾತೆ ತೆರೆಯುವ ಅರ್ಜಿಯನ್ನು ಕೈಯಲ್ಲಿ ಹಿಡಿದು, ಯಾವ ಸಾಲಿನಲ್ಲಿ ಏನನ್ನು ಬರೆಯಬೇಕೆಂದು ತಿಳಿಯದೆ ನಿಲ್ಲುವುದುಂಟು. ಪದ್ಯದ ಸಾರಾಂಶವನ್ನು ತಪ್ಪಿಲ್ಲದೆ ಬರೆಯಬಲ್ಲವಳು ಔಷಧದ ಪೊಟ್ಟಣದ ಮೇಲಿನ ಎರಡು ಸಾಲಿನ ಸೂಚನೆಯನ್ನು ತಾಯಿಗೆ ಓದಿ ಹೇಳಲಾರದೆ ಹೋಗುವುದೂ ಉಂಟು. ಇದನ್ನು ಕಂಡ ತಂದೆತಾಯಿಗಳು ಹುಡುಗಿಯ ಬುದ್ಧಿಯನ್ನೋ ಶಾಲೆಯ ಪಾಠಕ್ರಮವನ್ನೋ ದೂರುವರು. ವಿಚಾರಿಸಿ ನೋಡಿದರೆ ಹುಡುಗಿ ಕಲಿತದ್ದೇನೂ ಸುಳ್ಳಲ್ಲ. ಆದರೆ ಅವಳು ಕಲಿತದ್ದು ಕಲಿಸುವುದಕ್ಕೆಂದೇ ಬರೆದ ಇಂಗ್ಲಿಷು. ಬಾಳಿನಲ್ಲಿ ಅವಳಿಗೆ ಎದುರಾದದ್ದು ಕೆಲಸ ನಡೆಯಲೆಂದು ಬರೆದ ಇಂಗ್ಲಿಷು. ಇವೆರಡರ ನಡುವಣ ಅಂತರವನ್ನು ತರಗತಿಯಲ್ಲಿಯೇ ಹೇಗೆ ತುಂಬಬಹುದೆಂಬುದನ್ನು ಪಾಲಕರಿಗೂ ಹಳೆಯ ವಿದ್ಯಾರ್ಥಿನಿಯರಿಗೂ ನಿವೇದಿಸುವುದು ಈ ಲೇಖನದ ಉದ್ದೇಶವಾಗಿದೆ.

ಕಲಿಯುವವರಿಗಾಗಿ ಹುಟ್ಟದೆ, ಆ ಭಾಷೆಯನ್ನಾಡುವ ಜನರ ನಿತ್ಯದ ಕೆಲಸಕ್ಕಾಗಿ ಹುಟ್ಟಿದ ಬರಹವನ್ನೂ ಮಾತನ್ನೂ ನಾವು ಇಲ್ಲಿ ಸಹಜಸಾಮಗ್ರಿಯೆಂದು ಕರೆಯೋಣ. ವರ್ತಮಾನಪತ್ರಿಕೆ, ರೈಲಿನ ವೇಳಾಪಟ್ಟಿ, ಔಷಧದ ಚೀಟಿ, ಅಂಗಡಿಯ ರಸೀದಿ, ಅರ್ಜಿ, ಜಾಹೀರಾತು, ಬಾನುಲಿಯ ವಾರ್ತೆ, ಹಾಡು, ಗಾದೆ, ಸ್ನೇಹಿತೆಗೆ ಬರೆದ ಪತ್ರ, ಇವೆಲ್ಲವೂ ಈ ಹೆಸರಿನೊಳಗೆ ಸೇರುವವು. ಪಠ್ಯಪುಸ್ತಕದ ಪಾಠಕ್ಕೂ ಇವುಗಳಿಗೂ ಇರುವ ಭೇದವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಇಂಗ್ಲಿಷು ಪತ್ರಿಕೆಯ ತಲೆಬರಹದಲ್ಲಿ ನಿನ್ನೆ ನಡೆದ ಸಂಗತಿಯನ್ನು ವರ್ತಮಾನಕಾಲದ ಕ್ರಿಯಾಪದದಿಂದ ಹೇಳುವುದು ವಾಡಿಕೆ. 'ಮಿನಿಸ್ಟರ್ ಟು ಓಪನ್ ಬ್ರಿಜ್' ಎಂದು ಬರೆದಿದ್ದರೆ, ಮಂತ್ರಿಗಳು ಸೇತುವೆಯನ್ನು ಉದ್ಘಾಟಿಸಲಿದ್ದಾರೆಂದು ಅರ್ಥ. ವ್ಯಾಕರಣವನ್ನು ಮಾತ್ರ ಓದಿದ ಹುಡುಗಿ ಈ ವಾಕ್ಯದಲ್ಲಿ ಸಹಾಯಕ ಕ್ರಿಯಾಪದವೂ ನಾಮಪದಗಳ ಮುಂದಣ ಚಿಕ್ಕ ಪದಗಳೂ ಇಲ್ಲದಿರುವುದನ್ನು ಕಂಡು, ಇದು ತಪ್ಪೆಂದು ಹೇಳುವಳು. ಅವಳ ವ್ಯಾಕರಣವೂ ತಪ್ಪಲ್ಲ, ಪತ್ರಿಕೆಯೂ ತಪ್ಪಲ್ಲ. ಕಡಿಮೆ ಸ್ಥಳದಲ್ಲಿ ಹೆಚ್ಚು ಹೇಳಬೇಕಾದ ಬರಹಕ್ಕೆ ತನ್ನದೇ ಒಂದು ಕ್ರಮವುಂಟೆಂಬುದನ್ನು ಅವಳಿಗೆ ಯಾರೂ ತೋರಿಸಿಲ್ಲ, ಅಷ್ಟೆ.

ಈ ವಿಧವಾದ ಕಲಿಕೆ ನಮ್ಮ ಊರಿನ ಮಕ್ಕಳಿಗೆ ಹೊಸದೇನೂ ಅಲ್ಲ. ಮಂಗಳೂರಿನ ಪೂರ್ವಭಾಗದಲ್ಲಿರುವ ನಮ್ಮ ಶಕ್ತಿನಗರವನ್ನೇ ನೋಡಿರಿ. ಒಂದು ಮನೆಯಲ್ಲಿ ತುಳು, ನೆರೆಮನೆಯಲ್ಲಿ ಕೊಂಕಣಿ, ಆಚೆಯ ಮನೆಯಲ್ಲಿ ಬ್ಯಾರಿ ಅಥವಾ ಮಲಯಾಳ, ಶಾಲೆಯಲ್ಲಿ ಕನ್ನಡ. ಕೊಂಕಣಿ ಮನೆಯ ಹುಡುಗಿ ತುಳುವನ್ನು ಯಾವ ಪುಸ್ತಕದಿಂದ ಕಲಿತಳು? ಮೀನಿನ ಮಾರುಕಟ್ಟೆಯ ಚೌಕಾಶಿಯಿಂದ, ಬಸ್ಸಿನ ನಿರ್ವಾಹಕನ ಕೂಗಿನಿಂದ, ಜೊತೆಗಾತಿಯರ ಆಟದ ಜಗಳದಿಂದ ಕಲಿತಳು. ಅರ್ಥ ಪೂರ್ತಿ ತಿಳಿಯದಿದ್ದರೂ ಕೆಲಸ ಆಗಲೇಬೇಕಾಗಿತ್ತು; ಕೆಲಸವಾಗುತ್ತ ಆಗುತ್ತ ಮಾತು ಬಂದಿತು. ನೀರಿಗಿಳಿಯದೆ ಈಜು ಬಾರದೆಂಬುದು ನಮ್ಮವರಿಗೆ ತಿಳಿದ ಮಾತೇ ಆಗಿದೆ.

ಕೊಂಕಣಿ ಭಾಷೆಯ ಚರಿತ್ರೆಯೂ ಇದೇ ಪಾಠವನ್ನು ಹೇಳುತ್ತದೆ. ನಮ್ಮ ಜಿಲ್ಲೆಯಲ್ಲಿ ಬಹುಕಾಲ ಆ ಭಾಷೆಗೆ ಶಾಲೆಯ ಪೀಠದಲ್ಲಿ ಸ್ಥಾನವಿರಲಿಲ್ಲ. ಅದನ್ನು ಉಳಿಸಿದ್ದು ಮನೆಯ ಮಾತು, ಹಾಡು, ನಾಟಕ, ಮತ್ತು ೧೯೩೮ರಲ್ಲಿ ಕನ್ನಡ ಲಿಪಿಯಲ್ಲಿ ಆರಂಭವಾದ 'ರಾಕ್ಣೊ' ವಾರಪತ್ರಿಕೆಯಂಥ ಬರಹಗಳು. ೧೯೯೨ರಲ್ಲಿ ಅದು ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿತು. ಆಮೇಲೆ ಕರ್ನಾಟಕದ ಶಾಲೆಗಳಲ್ಲಿ ಐಚ್ಛಿಕ ತೃತೀಯ ಭಾಷೆಯೂ ಆಯಿತು. ಇಂದು ಶಕ್ತಿನಗರದಲ್ಲಿಯೇ ೨೦೦೯ರಲ್ಲಿ ಉದ್ಘಾಟನೆಗೊಂಡ ವಿಶ್ವ ಕೊಂಕಣಿ ಕೇಂದ್ರವಿದೆ. ಮಾಂಡ್ ಸೊಭಾಣ್ ಸಂಸ್ಥೆಯ ಕಲಾಂಗಣವೂ ಇಲ್ಲಿಯೇ ಇದೆ. ಆ ಸಂಸ್ಥೆಯವರು ೨೦೦೮ನೆಯ ಜನವರಿಯಲ್ಲಿ ನಲವತ್ತು ಗಂಟೆಗಳ ಕಾಲ ಎಡೆಬಿಡದೆ ಕೊಂಕಣಿ ಹಾಡುಗಳನ್ನು ಹಾಡಿಸಿ ಗಿನ್ನೆಸ್ ದಾಖಲೆಗೆ ಪಾತ್ರರಾದರು. ಪಠ್ಯಪುಸ್ತಕ ಬರುವುದಕ್ಕೆ ಮುಂಚೆ ಅಷ್ಟು ಹಾಡು ಬಾಯಲ್ಲಿದ್ದುದರಿಂದಲೇ ಆ ಭಾಷೆ ಶಾಲೆಯ ಬಾಗಿಲವರೆಗೆ ಜೀವ ಹಿಡಿದುಕೊಂಡು ಬರಲು ಸಾಧ್ಯವಾಯಿತು. ಹಾಗಾದರೆ, ನೆರೆಯ ಭಾಷೆಯನ್ನು ಬಾಳಿನಿಂದ ಕಲಿಯುವ ನಮ್ಮ ಮಕ್ಕಳು ದೂರದ ಇಂಗ್ಲಿಷನ್ನು ಮಾತ್ರ ಪುಸ್ತಕದೊಳಗೆ ಕಟ್ಟಿಹಾಕಿ ಕಲಿಯಬೇಕೇಕೆ?

ಪರಭಾಷೆಯನ್ನು ದೊಡ್ಡವರಾದ ಮೇಲೆ ಕಲಿತವರ ನಿದರ್ಶನವೂ ನಮ್ಮ ಊರಿನಲ್ಲಿಯೇ ಇದೆ. ೧೮೩೪ನೆಯ ಅಕ್ಟೋಬರ್ ೩೦ರಂದು ಹೆಬಿಕ್, ಲೇನರ್, ಗ್ರೈನರ್ ಎಂಬ ಬಾಸೆಲ್ ಮಿಶನ್ನಿನ ಮೂವರು ಮಂಗಳೂರಿಗೆ ಬಂದರು. ಅವರ ಕೈಗೆ ದೊರೆಯಬಹುದಾಗಿದ್ದ ಸಾಧನಗಳು ಅತ್ಯಲ್ಪ. ೧೮೧೭ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾದ ಕೇರಿಯ ವ್ಯಾಕರಣ, ೧೮೩೨ರಲ್ಲಿ ಮದ್ರಾಸಿನಲ್ಲಿ ಅಚ್ಚಾದ ರೀವನ ನಿಘಂಟು, ಇಂಥ ಕೆಲವೇ ಪುಸ್ತಕಗಳಿದ್ದವು. ೧೮೩೬ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗರು ಅಷ್ಟಕ್ಕೇ ತೃಪ್ತರಾಗದೆ, ಜನರು ತಮಗಾಗಿ ಹೇಳಿಕೊಳ್ಳುತ್ತಿದ್ದುದನ್ನೂ ಹಾಡಿಕೊಳ್ಳುತ್ತಿದ್ದುದನ್ನೂ ಹುಡುಕಿಕೊಂಡು ಹೋದರು. ಗಾದೆಗಳನ್ನು ಕೂಡಿಸಿದರು, ದಾಸರ ಪದಗಳನ್ನು ಬರೆಯಿಸಿಕೊಂಡರು, ತಮ್ಮ ಮತಕ್ಕೆ ಸೇರದ ಬಸವಪುರಾಣವನ್ನೂ ಜೈಮಿನಿಭಾರತವನ್ನೂ ಆದರದಿಂದ ಓದಿ, 'ಬಿಬ್ಲಿಯೋಥೆಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ೧೮೪೮ರಿಂದ ೧೮೫೩ರ ವರೆಗೆ ಮಂಗಳೂರಿನ ಕಲ್ಲಚ್ಚಿನಲ್ಲಿ ಪ್ರಕಟಿಸಿದರು. ಈ ಮಾಲೆಗೆ ನಿವೃತ್ತ ನ್ಯಾಯಾಧೀಶರಾದ ಕ್ಯಾಸಮೇಜರ್ ಎಂಬವರು ದ್ರವ್ಯಸಹಾಯ ಮಾಡಿದರು.

ಇದಕ್ಕೂ ಮುಂಚೆ, ೧೮೪೩ನೆಯ ಜುಲೈ ಒಂದನೆಯ ತಾರೀಕಿನಂದು, ಮೋಗ್ಲಿಂಗರು 'ಮಂಗಳೂರ ಸಮಾಚಾರ'ವೆಂಬ ನಾಲ್ಕು ಪುಟದ ಪಾಕ್ಷಿಕವನ್ನು ಹೊರಡಿಸಿದರು. ಕನ್ನಡದ ಮೊದಲನೆಯ ವರ್ತಮಾನಪತ್ರಿಕೆ ಅದೇ. ಅದರ ನೆನಪಿಗಾಗಿಯೇ ಇಂದಿಗೂ ಜುಲೈ ಒಂದನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಮರುವರ್ಷ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು. ಪತ್ರಿಕೆಯ ಚರಿತ್ರೆಯಲ್ಲಿ ಇದಕ್ಕಿರುವ ಮಹತ್ವವನ್ನು ಎಲ್ಲರೂ ಬಲ್ಲರು. ಭಾಷಾಕಲಿಕೆಯ ದೃಷ್ಟಿಯಿಂದ ಗಮನಿಸತಕ್ಕ ಅಂಶವೇ ಬೇರೆ. ಏಳು ವರ್ಷಗಳ ಹಿಂದೆ ಕನ್ನಡದ ಒಂದಕ್ಷರವನ್ನೂ ನೆಟ್ಟಗೆ ಉಚ್ಚರಿಸಲಾರದಿದ್ದ ವಿದೇಶೀಯನು, ಊರವರು ದುಡ್ಡು ಕೊಟ್ಟು ಓದಬೇಕಾದ ಕನ್ನಡವನ್ನು ಬರೆಯಿಸುವ ಸ್ಥಿತಿಗೆ ಬಂದನು. ಉಪಾಧ್ಯಾಯರು ತಿದ್ದಿ ಅಂಕ ಹಾಕುವ ಪ್ರಬಂಧವಲ್ಲ ಅದು. ಅರ್ಥವಾಗದಿದ್ದರೆ ಓದುಗನು ಕೆಳಗಿಟ್ಟುಬಿಡುವ ಪತ್ರಿಕೆ. ಇಂಥ ಓದುಗನಷ್ಟು ಒಳ್ಳೆಯ ಪರೀಕ್ಷಕನು ಮತ್ತೊಬ್ಬನಿಲ್ಲ.

೧೮೫೩ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲರು ಈ ಮಾರ್ಗವನ್ನು ಇನ್ನೂ ಮುಂದಕ್ಕೆ ಒಯ್ದರು. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷು ನಿಘಂಟಿನಲ್ಲಿ ಸುಮಾರು ಎಪ್ಪತ್ತು ಸಾವಿರ ಪದಗಳಿವೆ. ಅದರ ಪುಟಗಳನ್ನು ತಿರುವಿದವರು ಬಲ್ಲರು: ಪದದ ಅರ್ಥವನ್ನು ಕೊಟ್ಟು ಸುಮ್ಮನಾಗದೆ, ಅದು ಯಾವ ಕಾವ್ಯದಲ್ಲಿ ಬಂದಿದೆ, ಯಾವ ಗಾದೆಯಲ್ಲಿ ಬಂದಿದೆ ಎಂಬುದನ್ನೂ ಅಲ್ಲಲ್ಲಿ ತೋರಿಸಿದ್ದಾರೆ. ಪದವನ್ನು ಅದು ಬಾಳುವ ಜಾಗದಲ್ಲಿಯೇ ನೋಡಬೇಕೆಂಬುದು ಅವರ ಕ್ರಮ. ಈ ಮಹನೀಯರು ತಾವೇ ಎಲ್ಲವನ್ನೂ ಸಾಧಿಸಿದರೆಂದೂ ತಿಳಿಯಬಾರದು. ಪಂಡಿತರ ನೆರವೂ ಜನಸಾಮಾನ್ಯರ ಸಹವಾಸವೂ ಅವರಿಗಿದ್ದವು. ಸಹಜವಾದ ಬರಹವಿದ್ದರಷ್ಟೇ ಸಾಲದು, ಅದನ್ನು ಬಿಡಿಸಿ ತೋರಿಸುವ ಗುರುವೂ ಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಲ್ಲಿ ಒಂದು ಆಕ್ಷೇಪವು ಹುಟ್ಟುವುದು. ಮೋಗ್ಲಿಂಗ್, ಕಿಟ್ಟೆಲರು ಭಾಷಾಶಾಸ್ತ್ರದಲ್ಲಿ ಪಳಗಿದ ಪ್ರೌಢರು. ಹದಿಮೂರು ವರ್ಷದ ಹುಡುಗಿಯ ಮುಂದೆ ಇಂಗ್ಲಿಷು ಪತ್ರಿಕೆಯನ್ನು ಹರಡಿದರೆ ಅವಳು ಕಂಗಾಲಾಗಳೇ? ಈ ಆಕ್ಷೇಪದಲ್ಲಿ ಹುರುಳಿದೆ. ಢಾಕಾದಲ್ಲಿ ಉಪಾಧ್ಯಾಯರ ಶಿಕ್ಷಣದ ಕೆಲಸದಲ್ಲಿದ್ದ ಮೈಕೆಲ್ ವೆಸ್ಟ್ ಎಂಬವರು, ಬಂಗಾಳದ ಮಕ್ಕಳು ಕಠಿಣ ಪದಗಳ ನಡುವೆ ತಡವರಿಸುವುದನ್ನು ಕಂಡು, ಆಯ್ದ ಪದಗಳಿಂದಲೇ ರಚಿಸಿದ ಸುಲಭ ವಾಚಕಗಳನ್ನು ೧೯೨೦ರ ದಶಕದಲ್ಲಿ ಸಿದ್ಧಪಡಿಸಿದರು. ೧೯೫೩ರಲ್ಲಿ ಅವರು ಪ್ರಕಟಿಸಿದ ಪದಪಟ್ಟಿಯಲ್ಲಿ ಸುಮಾರು ಎರಡು ಸಾವಿರ ಮುಖ್ಯ ಪದಗಳಿದ್ದವು. ಸಹಾಯವಿಲ್ಲದೆ ಒಂದು ಕಥೆಯನ್ನು ಓದಿ ತಕ್ಕಮಟ್ಟಿಗೆ ಅರ್ಥಮಾಡಿಕೊಳ್ಳಲು ನೂರಕ್ಕೆ ತೊಂಬತ್ತೆಂಟು ಪದಗಳು ಪರಿಚಿತವಾಗಿರಬೇಕೆಂದು ನ್ಯೂಜಿಲೆಂಡಿನ ಪಾಲ್ ನೇಷನ್ ಮತ್ತು ಅವರ ಜೊತೆಗಾರ್ತಿ ೨೦೦೦ದಲ್ಲಿ ತೋರಿಸಿದರು. ಆದಕಾರಣ ಹಂತಹಂತವಾಗಿ ಏರುವ ಪಠ್ಯಪುಸ್ತಕವನ್ನು ನಾವು ಬಿಡತಕ್ಕದ್ದಲ್ಲ. ಅದು ಗೋಡೆಯ ಅಡಿಗಲ್ಲು.

ಆದರೆ ಅಡಿಗಲ್ಲು ಮನೆಯಲ್ಲ. ಈ ವಿಷಯದಲ್ಲಿ ಬ್ರಿಟನ್ನಿನ ಹೆನ್ರಿ ವಿಡೋಸನ್ ಎಂಬ ವಿದ್ವಾಂಸರು ೧೯೭೮ರಲ್ಲಿ ಒಂದು ಸೂಕ್ಷ್ಮಭೇದವನ್ನು ತೋರಿಸಿದರು. ಬರಹವು ನಿಜವಾದುದಾಗಿದ್ದ ಮಾತ್ರಕ್ಕೆ ಓದೂ ನಿಜವಾಗುವುದಿಲ್ಲ. ಓದುಗನು ಆ ಬರಹದೊಡನೆ ತಕ್ಕ ರೀತಿಯಲ್ಲಿ ವ್ಯವಹರಿಸಿದಾಗಲೇ ಅದು ನಿಜವಾಗುವುದೆಂಬುದು ಅವರ ಅಭಿಪ್ರಾಯ. ರೈಲಿನ ವೇಳಾಪಟ್ಟಿಯನ್ನು ತಂದು, ಅದರೊಳಗಿನ ನಾಮಪದಗಳಿಗೆ ಗೆರೆ ಎಳೆಯಿರೆಂದು ಹೇಳಿದರೆ ಆ ಪಟ್ಟಿ ತರಗತಿಯಲ್ಲಿ ಸತ್ತುಹೋಯಿತು. ಯಾವ ರೈಲಿಗೆ ಹೋಗಬೇಕು, ಎಷ್ಟು ಹೊತ್ತಿಗೆ ಮನೆ ಬಿಡಬೇಕು ಎಂದು ಕೇಳಿದರೆ ಅದು ಜೀವಂತವಾಯಿತು. ಇದರಿಂದ ಉಪಾಧ್ಯಾಯಿನಿಗೆ ದೊರೆಯುವ ಸೂತ್ರವೇನೆಂದರೆ: ಬರಹವನ್ನು ಸುಲಭಗೊಳಿಸಬೇಡ, ಕೆಲಸವನ್ನು ಸುಲಭಗೊಳಿಸು. ಬರಹದಲ್ಲಿ ನೂರು ಪದಗಳಿರಲಿ. ಎಂಟನೆಯ ತರಗತಿಯವಳು ಅದರಿಂದ ಎರಡು ಸಂಗತಿಗಳನ್ನು ಹೆಕ್ಕಿದರೆ ಸಾಕು.

ಈ ಸೂತ್ರವನ್ನು ಒಂದು ಚಿಕ್ಕ ವಸ್ತುವಿನಿಂದ ವಿವರಿಸುವೆನು. ಭೇದಿಯಾದ ಮಗುವಿಗೆ ಕೊಡುವ ಓ.ಆರ್.ಎಸ್. ಪುಡಿಯ ಪೊಟ್ಟಣವು ಯಾವ ಔಷಧದ ಅಂಗಡಿಯಲ್ಲಿಯೂ ಸಿಕ್ಕುವುದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ದೊಡ್ಡ ಪೊಟ್ಟಣದಲ್ಲಿ ೨೦.೫ ಗ್ರಾಂ ಪುಡಿಯಿದ್ದು, ಅದನ್ನು ಒಂದು ಲೀಟರು ಶುದ್ಧ ನೀರಿನಲ್ಲಿ ಕರಗಿಸಬೇಕು. ಕಡಿಮೆ ನೀರಿನಲ್ಲಿ ಕಲಸಿದರೆ ಉಪ್ಪಿನ ಅಂಶವು ಹೆಚ್ಚಾಗಿ ಮಗುವಿಗೆ ಅಪಾಯವಾಗಬಹುದು. ಹೆಚ್ಚು ನೀರಾದರೆ ಗುಣ ಕುಂದುವುದು. ಕಲಸಿದ ನೀರನ್ನು ೨೪ ಗಂಟೆಗಳೊಳಗೆ ಉಪಯೋಗಿಸಿ, ಉಳಿದುದನ್ನು ಚೆಲ್ಲಬೇಕು. ಒಂದು ಲೋಟಕ್ಕೆ ಸಾಕಾಗುವ ಚಿಕ್ಕ ಪೊಟ್ಟಣಗಳೂ ಉಂಟು. ಆದುದರಿಂದ ಪೊಟ್ಟಣದ ಮೇಲೆ ಏನು ಬರೆದಿದೆಯೆಂದು ಓದದೆ ವಿಧಿಯಿಲ್ಲ.

ಈಗ ಇದೇ ಪೊಟ್ಟಣವನ್ನು ಮೂರು ತರಗತಿಗಳಿಗೆ ಕೊಡಿರಿ. ಎಂಟನೆಯ ತರಗತಿಯವರು ಅದರ ಮೇಲಿನ ಅಂಕಿಗಳನ್ನು ಗುರುತಿಸಿ, ಪ್ರತಿಯೊಂದು ಅಂಕಿ ಏನನ್ನು ಅಳೆಯುತ್ತದೆಂದು ಹೇಳಲಿ: ತೂಕವೋ, ನೀರಿನ ಪ್ರಮಾಣವೋ, ಗಂಟೆಯೋ, ತಾರೀಕೋ? ಒಂಬತ್ತನೆಯವರು 'ಡಿಸಾಲ್ವ್', 'ಡಿಸ್ಕಾರ್ಡ್' ಎಂಬಂಥ ಆಜ್ಞಾರ್ಥದ ಕ್ರಿಯಾಪದಗಳನ್ನು ಹೆಕ್ಕಿ, ಇಂಗ್ಲಿಷು ಬಾರದ ಅಜ್ಜಿಗೆ ತಿಳಿಯುವಂತೆ ಮನೆಯ ಮಾತಿನಲ್ಲಿ ಕ್ರಮವಾಗಿ ಹೇಳಲಿ. ಹತ್ತನೆಯವರು ನೀರಿನ ಪ್ರಮಾಣ ತಪ್ಪಿದರೆ ಏನಾಗುವುದೆಂಬ ಎಚ್ಚರಿಕೆಯನ್ನು ಇಂಗ್ಲಿಷಿನಲ್ಲಿಯೇ ನಾಲ್ಕು ವಾಕ್ಯಗಳಲ್ಲಿ ಬರೆಯಲಿ. ಪೊಟ್ಟಣ ಒಂದೇ, ಕೆಲಸ ಮೂರು. ಆಜ್ಞಾರ್ಥವೂ ಬಂತು, ಸಂಖ್ಯಾವಾಚಕವೂ ಬಂತು, ಭಾಷಾಂತರವೂ ಬಂತು. ಅದಕ್ಕಿಂತ ಮಿಗಿಲಾಗಿ, ನಾಳೆ ಮನೆಯಲ್ಲಿ ಒಂದು ಮಗುವಿಗೆ ಕಾಯಿಲೆಯಾದಾಗ ಆ ಹುಡುಗಿಯ ಓದಿಗೆ ಬೆಲೆ ಬಂತು.

ರೈಲಿನ ಟಿಕೇಟೂ ಇಂಥದೇ ಒಂದು ಪಾಠ. ಅದರಲ್ಲಿ ವೇಳೆಯನ್ನು ಇಪ್ಪತ್ತನಾಲ್ಕು ಗಂಟೆಗಳ ಕ್ರಮದಲ್ಲಿ ಬರೆದಿರುವರು. ೧೨ನೆಯ ತಾರೀಕು ೦೦.೧೫ ಎಂದಿದ್ದರೆ, ೧೧ನೆಯ ತಾರೀಕಿನ ರಾತ್ರಿಯೇ ನಿಲ್ದಾಣದಲ್ಲಿರಬೇಕು. ೧೨ರ ರಾತ್ರಿ ಹೋದವರಿಗೆ ರೈಲು ತಪ್ಪಿ ಒಂದು ದಿನವಾಗಿರುತ್ತದೆ. ನಮ್ಮ ಊರಿನಲ್ಲಿ ಮಂಗಳೂರು ಸೆಂಟ್ರಲ್, ಮಂಗಳೂರು ಜಂಕ್ಷನ್ ಎಂದು ಎರಡು ನಿಲ್ದಾಣಗಳಿರುವುದರಿಂದ ಆ ಒಂದು ಪದವನ್ನು ಓದದೆ ಬಿಟ್ಟರೆ ಫಜೀತಿ ತಪ್ಪಿದ್ದಲ್ಲ. ಆರ್.ಎ.ಸಿ., ಡಬ್ಲ್ಯು.ಎಲ್. ಎಂಬ ಸಂಕ್ಷಿಪ್ತಾಕ್ಷರಗಳ ಅರ್ಥವನ್ನರಿಯದವಳಿಗೆ ಮಲಗಲು ಸ್ಥಳವಿದೆಯೋ ಇಲ್ಲವೋ ತಿಳಿಯದು. ತಿಂಡಿಯ ಪೊಟ್ಟಣದ ಮೇಲೆ 'ಬೆಸ್ಟ್ ಬಿಫೋರ್' ಎಂದರೆ ಆ ದಿನದ ವರೆಗೆ ಗುಣ ಚೆನ್ನಾಗಿರುವುದೆಂದೂ, 'ಯೂಸ್ ಬೈ' ಎಂದರೆ ಆಮೇಲೆ ತಿನ್ನಲೇಬಾರದೆಂದೂ ಅರ್ಥಭೇದವುಂಟು. ಕಿವಿಯ ಶಿಕ್ಷಣಕ್ಕೆ ಬಾನುಲಿಯ ಇಂಗ್ಲಿಷು ವಾರ್ತೆಯಿದೆ. ಅದೇ ದಿನದ ಕನ್ನಡ ವಾರ್ತೆಯನ್ನು ಮೊದಲು ಕೇಳಿಸಿ ಅನಂತರ ಇಂಗ್ಲಿಷು ವಾರ್ತೆಯನ್ನು ಕೇಳಿಸಿದರೆ, ವಿಷಯವು ಮುಂಚೆಯೇ ತಿಳಿದಿರುವುದರಿಂದ ಕಿವಿಯು ಭಾಷೆಯ ಕಡೆಗೆ ತಿರುಗುವುದು.

ಆಯ್ಕೆಯಲ್ಲಿ ಕೆಲವು ಎಚ್ಚರಿಕೆಗಳು ಅವಶ್ಯ. ಮೊದಲನೆಯದಾಗಿ, ತಂದ ಬರಹವು ಚಿಕ್ಕದಾಗಿರಲಿ. ಪತ್ರಿಕೆಯ ಒಂದು ಪುಟಕ್ಕಿಂತ ಒಂದು ಸುದ್ದಿ ಲೇಸು. ಎರಡನೆಯದಾಗಿ, ಅದರ ತಾರೀಕನ್ನು ನೋಡತಕ್ಕದ್ದು. ಹಳೆಯ ವೇಳಾಪಟ್ಟಿ ಸುಳ್ಳನ್ನು ಕಲಿಸುತ್ತದೆ. ಮೂರನೆಯದಾಗಿ, ಜಾಹೀರಾತನ್ನು ಓದಿಸುವಾಗ, ಇದನ್ನು ಬರೆದವರಾರು, ನಮ್ಮಿಂದ ಏನನ್ನು ಬಯಸುತ್ತಾರೆ ಎಂಬ ಪ್ರಶ್ನೆಯನ್ನೂ ಕೇಳಿಸಬೇಕು. ದೂರವಾಣಿಗೆ ಬರುವ ಮೋಸದ ಸಂದೇಶಗಳ ಈ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಇದಕ್ಕಿಂತ ಉಪಯುಕ್ತವಾದ ಓದು ಅಪರೂಪ. ನಾಲ್ಕನೆಯದಾಗಿ, ಮನೆಯ ಖಾಸಗಿ ಪತ್ರಗಳನ್ನೂ ಬ್ಯಾಂಕಿನ ಅಂಕಿಗಳನ್ನೂ ವೈದ್ಯರ ಚೀಟಿಗಳನ್ನೂ ಹೆಸರು ಅಳಿಸದೆ ತರಗತಿಗೆ ತರಕೂಡದು. ಪ್ರತಿ ತೆಗೆಯುವುದರ ಬಗ್ಗೆ ಸಂದೇಹ ಬೇಡ. ಬೋಧನೆಯ ಸಂದರ್ಭದಲ್ಲಿ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಕೃತಿಯ ಪ್ರತಿಯನ್ನು ತೆಗೆಯಲು ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ೫೨ನೆಯ ಪ್ರಕರಣವು ಅವಕಾಶ ಕೊಟ್ಟಿದೆ.

ಪರೀಕ್ಷೆ ಹತ್ತಿರ ಬರುತ್ತಿರಲು ಪಾಠ ಬಿಟ್ಟು ಪೊಟ್ಟಣ ಓದಿಸುವುದೇ ಎಂದು ಕೆಲವು ಪಾಲಕರು ಕೇಳಬಹುದು. ಅವರ ಆತಂಕ ಅನ್ಯಾಯವಾದುದಲ್ಲ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಮೇಲೆ ಮುಂದಣ ದಾರಿ ನಿಂತಿರುವುದು ಎಲ್ಲರೂ ಬಲ್ಲ ವಿಷಯ. ವಾರಕ್ಕೆ ಒಂದು ಪೀರಿಯಡ್ಡು ಮಾತ್ರ ಇದಕ್ಕೆ ಮೀಸಲಾದರೆ ಪಾಠಕ್ಕೆ ಕುಂದಿಲ್ಲ; ಕಾಣದ ಗದ್ಯವನ್ನು ಓದುವ ಧೈರ್ಯವೂ ಪತ್ರಲೇಖನದ ಹದವೂ ಇದರಿಂದಲೇ ಬರುವುದರಿಂದ ಲಾಭವೇ ಹೊರತು ನಷ್ಟವಿಲ್ಲ. ೨೦೦೫ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟಿನಲ್ಲಿಯೂ ಶಾಲೆಯ ಜ್ಞಾನವನ್ನು ಹೊರಗಿನ ಬಾಳಿನೊಡನೆ ಜೋಡಿಸಬೇಕೆಂದು ಹೇಳಿದೆ.

ಆದರೆ ಅಂಕಗಳಿಗಿಂತ ದೊಡ್ಡದಾದ ಒಂದು ಕಾರಣವಿದೆ. ಮನೆಯಲ್ಲಿ ಇಂಗ್ಲಿಷು ಪತ್ರಿಕೆ ಬರುವ, ತಂದೆತಾಯಿಗಳು ಅರ್ಜಿಗಳನ್ನು ತಾವೇ ತುಂಬುವ ಹುಡುಗಿಗೆ ಸಹಜಸಾಮಗ್ರಿಯು ಹುಟ್ಟಿನಿಂದಲೇ ಸುತ್ತಮುತ್ತ ಬಿದ್ದಿರುತ್ತದೆ. ಬೀಡಿ ಕಟ್ಟಿಯೋ ಕೂಲಿ ಮಾಡಿಯೋ ಮಗಳನ್ನು ಓದಿಸುವ ತಾಯಿಯ ಮನೆಯಲ್ಲಿ ಪಠ್ಯಪುಸ್ತಕವೊಂದೇ ಇಂಗ್ಲಿಷಿನ ಕಿಟಕಿ. ತರಗತಿಯಲ್ಲಿ ಪುಸ್ತಕವನ್ನಷ್ಟೇ ಓದಿಸಿ, ಉಳಿದುದನ್ನು ಮನೆಯಲ್ಲಿ ಕಲಿತುಕೊಳ್ಳಲೆಂದು ಬಿಟ್ಟರೆ, ಮೊದಲನೆಯವಳು ಕಲಿತುಕೊಳ್ಳುವಳು. ಎರಡನೆಯವಳು ಹಿಂದೆ ಬೀಳುವಳು. ಅವಳು ಹಿಂದೆ ಬಿದ್ದದ್ದು ಬುದ್ಧಿಯ ಕೊರತೆಯಿಂದಲ್ಲ, ಕೈಗೆ ಸಿಕ್ಕದ ನಾಲ್ಕು ಕಾಗದಗಳ ಕೊರತೆಯಿಂದ. ಆ ಕಾಗದಗಳನ್ನು ಇಬ್ಬರ ಮುಂದೆಯೂ ಒಂದೇ ಮೇಜಿನ ಮೇಲೆ ಇಡಬಲ್ಲ ಸ್ಥಳವು ಶಾಲೆಯೊಂದೇ. ಹೆಣ್ಣುಮಕ್ಕಳ ಶಾಲೆಗಳನ್ನು ತೆರೆದ ಹಿರಿಯರ ಮನಸ್ಸಿನಲ್ಲಿದ್ದುದೂ ಇಂಥ ಸಮಾನತೆಯೇ ಅಲ್ಲವೇ?

ಇದು ಉಪಾಧ್ಯಾಯಿನಿಯರೊಬ್ಬರಿಂದಲೇ ಆಗುವ ಕೆಲಸವಲ್ಲ. ಆದುದರಿಂದ ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ಬಿನ್ನಹ. ನಿಮ್ಮಲ್ಲಿ ಕೆಲವರು ದಾದಿಯರಾಗಿ, ಗುಮಾಸ್ತೆಯರಾಗಿ, ಉಪಾಧ್ಯಾಯಿನಿಯರಾಗಿ, ಗೃಹಿಣಿಯರಾಗಿ ಹತ್ತಿರದಲ್ಲಿಯೂ ದೂರದೇಶಗಳಲ್ಲಿಯೂ ಇರುವಿರಿ. ನಿಮ್ಮ ಕೆಲಸದಲ್ಲಿ ಬರುವ ಬರೆಯದ ಅರ್ಜಿ, ಸೂಚನಾಪತ್ರ, ವೇಳಾಪಟ್ಟಿ, ನಕ್ಷೆ, ಕರಪತ್ರ, ಇವುಗಳ ಒಂದೊಂದು ಪ್ರತಿಯನ್ನು ಕಳುಹಿಸಿಕೊಟ್ಟರೆ ಶಾಲೆಯಲ್ಲಿ ಒಂದು ಪೆಟ್ಟಿಗೆ ತುಂಬುವುದು. ಶಾಲೆಯಲ್ಲಿ ಓದಿದ ಇಂಗ್ಲಿಷು ಎಲ್ಲಿ ಸಾಲದಾಯಿತೆಂಬುದನ್ನೂ ಎರಡು ಸಾಲಿನಲ್ಲಿ ಬರೆದರೆ, ಮುಂದಿನವರಿಗೆ ಏನನ್ನು ಕಲಿಸಬೇಕೆಂಬುದು ನಮಗೆ ತಿಳಿಯುವುದು. ಪಾಲಕರಾದರೋ, ಮನೆಗೆ ಬರುವ ಇಂಗ್ಲಿಷು ಕಾಗದವನ್ನು ನೆರೆಮನೆಯವರಲ್ಲಿಗೆ ಒಯ್ಯುವ ಮೊದಲು ಮಗಳ ಕೈಗೆ ಕೊಡಿರಿ. ಅವಳು ಪೂರ್ತಿ ಓದಲಾರದಿದ್ದರೆ ಗದರಿಸಬೇಡಿರಿ. ಮರುದಿನ ಶಾಲೆಗೆ ತರಲಿ. ಅದೇ ನಮ್ಮ ಆ ದಿನದ ಪಾಠವಾಗುವುದು.